ಅಂಟು

ಎರಡು ಗುಂಡಿ ಆ ಪ್ರೆಸ್ಸಿಗೆ.
ಎರಡೂ ಕೈ ಒತ್ತಿದರಷ್ಟೇ ಇಳಿಯಬೇಕು.
ಇಳಿವಾಗ ಕೈ ಅದರಡಿ ಇರಬಾರದೆಂದು
ಮಾಡಿದವನಿಗೆ ಗೊತ್ತಿತ್ತು.

ಬುರ್ಸಾದಲ್ಲಿ ಚಳಿಗಾಲ, ಆರ್ಡರು ತುರ್ತು.
ಒಂದು ಗುಂಡಿಯನ್ನು ಒತ್ತಿಹಿಡಿದು
ಟೇಪು ಸುತ್ತಿಸಿದರು:
ಗಂಟೆಗೆ ನಲವತ್ತು ಬಿಜಾಗರಿ ಹೆಚ್ಚು.

ನೆವ್ಜಾತನ ಮೂರು ಬೆರಳು.
ಕಿರುಚಿದ್ದು ನಾನು, ಅವನಲ್ಲ.

ಆಂಬುಲೆನ್ಸ್ ಗೇಟು ದಾಟುವ ಮೊದಲೇ
ಟೇಪು ಕಿತ್ತರು. ವರದಿಯಲ್ಲಿ
‘ಕಾರ್ಮಿಕನ ಅಜಾಗರೂಕತೆ’.
ಓದಿ ಸಹಿ ಹಾಕಮ್ಮ, ಎಂದರು.
ಓದಿದೆ. ಪೆನ್ನು ವಾಪಸು ಕೊಟ್ಟೆ.

ಈಗ ಎಡಗೈಲಿ ಟೀ ಕದಡುತ್ತಾನೆ,
ಚಮಚದ ಸದ್ದು ಜಾಸ್ತಿ.
ಪರಿಹಾರದ ಮಾತು ತೆಗೆದರೆ
ಕಿಟಕಿಯಾಚೆ ನೋಡುತ್ತಾನೆ.

ನಾಳೆ ಇನ್‌ಸ್ಪೆಕ್ಟರ್ ಬರುತ್ತಾರೆ.
ನನ್ನ ಮಾತು ಬೇಡ ಸಾಹೇಬರೇ,
ಆ ಎಡಗಡೆಯ ಗುಂಡಿ
ಒಮ್ಮೆ ಮುಟ್ಟಿ ನೋಡಿ ಎನ್ನುತ್ತೇನೆ.
ಒರೆಸಿದ್ದಾರೆ, ಸೀಮೆಎಣ್ಣೆ ಹಾಕಿ ಉಜ್ಜಿದ್ದಾರೆ,
ಇನ್ನೂ ಅಂಟುತ್ತದೆ.