ಯಾರು ಎಣಿಸಿದ್ರು

"ಪ್ರಾಚೀನ ಕಾಲದಿಂದಲೂ" ಅಂತ ಸುರು ಮಾಡಿದ್ದೆ.
ಸಾವಳಗಿ ಮೇಡಂ ಆ ಎರಡು ಶಬ್ದಕ್ಕ ಕೆಂಪು ಗೆರಿ ಎಳದು
ಬಾಜೂಕ ಬರದಿದ್ರು: ಯಾವಾಗಿಂದ?
"ಎಲ್ಲರಿಗೂ ತಿಳಿದಿರುವಂತೆ", ಅದಕ್ಕೂ ಗೆರಿ.
ನನಗ ತಿಳಿದಿಲ್ಲ, ಹೇಳು.
ಎಂಟು ಹಾಳಿಯೊಳಗ ನನ್ನವು ಅಂತ ಉಳಿದದ್ದು
ಹೆಸರು, ರೋಲ್ ನಂಬರು,
ಬಾವಡಿ ನಮ್ಮ ಓಣ್ಯಾಗ ಐತಿ ಅನ್ನೂ ಒಂದು ಸಾಲು.

ವಿಜಯಪುರದಾಗ ಬಾವಡಿಗೇನು ಬರ?
ಒಂದಕ್ಕ ಒಗದ ಕಲ್ಲು ಇನ್ನೊಂದರಾಗ ಬೀಳತೈತಿ.
ನಮ್ಮದಕ್ಕ ಬೋರ್ಡಿಲ್ಲ, ಬೇಲಿಯಿಲ್ಲ.
ಗಣಪತಿ ಬಿಟ್ಟ ಮ್ಯಾಲೆ ತಿಂಗಳಗಟ್ಟಲೆ ತೇಲೂ ಹುಲ್ಲು,
ಕಮಾನಿನ ಸಂದ್ಯಾಗ ಪಾರಿವಾಳ.

ಲೈಬ್ರರಿಯ ಒಂದು ಪುಸ್ತಕ ಅಂತು: ಎಪ್ಪತ್ತೆರಡು ಮೆಟ್ಟಿಲು.
ಇನ್ನೊಂದು, ಬೆನ್ನು ಹರಿದದ್ದು: ಅರವತ್ತೆಂಟು.
ಮೂರನೇದು ಮೊದಲನೇದನ್ನ ನೋಡಿ ಬರದದ್ದು,
ತಪ್ಪಿದ ಒತ್ತಕ್ಷರ ಸುದ್ದಾ ಹಂಗ ಇತ್ತು.
ಅದನ್ನ ಹಿಡದ ದಿನ ನಾ ಕ್ಯಾಂಟೀನಿನಾಗ
ಕಳ್ಳನ್ನ ಹಿಡದವರಂಗ ಕುಂತು ಚಹಾ ಕುಡದೆ.

ಹುಸೇನಬಿ ಕಾಕಿಯನ್ನ ಕೇಳಿದೆ.
ನಲವತ್ತು ವರ್ಷ ಅಲ್ಲೇ ಅರಿವಿ ಒಗದಾಕಿ.
"ಇಳಿಯಾಕ ಅರವತ್ತು," ಅಂದ್ಲು,
"ಹಸಿ ಅರಿವಿ ಹೊತ್ತು ಹತ್ತಾಕ ನೂರಾ ಇಪ್ಪತ್ತು."
ಪೂರ್ತಿ ಹೆಸರೇನು, ವಯಸ್ಸೆಷ್ಟು ಅಂದರ,
"ಯಾಕ? ಪೊಲೀಸರಿಗೆ ಕೊಡ್ತಿಯೇನು?"
"ಇಲ್ಲ ಕಾಕಿ, ಹಾಳಿ ಕೆಳಗ, ಸಣ್ಣ ಅಕ್ಷರದಾಗ."
"ಸಣ್ಣದ್ಯಾಕ?"
ಅದಕ್ಕ ಉತ್ತರ ಮೇಡಂ ಕಲಿಸಿರಲಿಲ್ಲ.

ಕಡೀಕ ನಾನ ಇಳದೆ.
ಚಪ್ಪಲಿ ಮ್ಯಾಲೆ ಬಿಟ್ಟು, ಕೈಯಾಗ ಖಡು ಹಿಡದು
ಹತ್ತಕ್ಕೊಂದು ಗೆರಿ ಎಳಕೋತ.
ಮುರದದ್ದನ್ನ ಒಂದು ಅನ್ನಬೇಕೋ ಅರ್ಧ ಅನ್ನಬೇಕೋ,
ಈ ಚಿಂತಿ ಯಾವ ಪುಸ್ತಕಕ್ಕೂ ಬಿದ್ದಂಗಿರಲಿಲ್ಲ.
ನಲವತ್ತೊಂದು ದಾಟಿದರ ನೀರು.
ಹಸಿರು, ದಪ್ಪ, ಏನೂ ಹೇಳದ ನೀರು.
ಕಾಲಬೆರಳಿಂದ ತಡವಿದೆ, ಇನ್ನೊಂದಿತ್ತು.
ಅದರ ಕೆಳಗೂ ಇದ್ದೀತು.

ಬರದೆ:
"ನಾನು ಎಣಿಸಿದ್ದು ನಲವತ್ತೊಂದು.
ಉಳಿದವು ನೀರಿನೊಳಗಿವೆ. ಎಷ್ಟೆಂದು ಗೊತ್ತಿಲ್ಲ."
ಇಷ್ಟಕ್ಕ ಮೂರು ರಾತ್ರಿ ಹಿಡದ್ವು.
ಹದಿನೈದು ವರ್ಷದ ಸಾಲಿ
ಗೊತ್ತಿಲ್ಲ ಅಂತ ನನ್ನ ಕೈಲೆ ಒಮ್ಮೆಯೂ ಬರಸಿರಲಿಲ್ಲ.
ಪರೀಕ್ಷಾದಾಗ ಗೊತ್ತಿಲ್ಲದ್ದನ್ನ
ಎರಡು ಪುಟ ಬರದು ಪಾಸಾದಾಕಿ ನಾನು.

ಹಾಳಿ ತಿರುಗಿ ಬಂತು.
ಗೊತ್ತಿಲ್ಲದರ ಬಾಜೂಕ ಸಣ್ಣದೊಂದು ಟಿಕ್.
ಅದರ ಕೆಳಗ ಮತ್ತ ಕೆಂಪು:
ಯಾವಾಗ ಎಣಿಸಿದಿ?
ಶ್ರಾವಣದ ನೀರು ಬ್ಯಾರೆ, ಚೈತ್ರದ ನೀರು ಬ್ಯಾರೆ.

ತಾರೀಖು ಬರಕೊಂಡಿರಲಿಲ್ಲ.
ಖಡು ಕೊಂಡ ಅಂಗಡಿಯವನಿಗೆ ನೆನಪಿಲ್ಲ,
ಹುಸೇನಬಿ ಕಾಕಿಗೆ "ಮೊನ್ನೆ."
ಮತ್ತ ಇಳದೆ. ನಡುವ ಎರಡು ದೊಡ್ಡ ಮಳಿ ಆಗಿದ್ವು.
ಮೂವತ್ತರ ಗೆರಿ ಅರ್ಧ ಅಳಕಿತ್ತು,
ನಲವತ್ತರದು ಕಾಣಲೇ ಇಲ್ಲ.
ಮೂವತ್ತೆಂಟರ ಮ್ಯಾಲೆ ಕುಂತು
ಮೊದಲು ತಾರೀಖು ಬರದೆ.