ಕಡೇ ಲಾಟು

ತಿಕೋಟಾದಾಗ ಮೇ ತಿಂಗಳ ಗಾಳಿಗೆ ಹಲ್ಲು ಇರತಾವ.
ಒಗದ ಅರಬಿ ಹಗ್ಗಕ್ಕ ಹಾಕೂದರೊಳಗ ಖಡಕ್ ಆಗತಾವ,
ಬೈಬೇಕಂದ ಮಾತು ಬಾಯಾಗ ಒಣಗತದ.
ಆ ಗಾಳಿನ ನಂಬಿ
ಬಾಬುಗೌಡರು ಕಡೇ ಲಾಟು ಶೆಡ್ಡಿಗೆ ಏರಿಸ್ಯಾರ,
ಹನ್ನೊಂದು ಮಜಲಿನ ಜಾಳಿಗಿ ಮ್ಯಾಲ
ಎಣ್ಣಿ ನೀರಾಗ ಅದ್ದಿದ ನಾಕು ಟನ್ ದ್ರಾಕ್ಷಿ,
ಇನ್ನೂ ಕಣ್ಣು ಬಿಡದ ಬೆಕ್ಕಿನ ಮರಿ ಹಂಗ ಮೆತ್ತಗ.

ಇವತ್ತು ಒಂಬತ್ತನೇ ದಿನ. ಇನ್ನ ಐದು ಬೇಕು.

ಮುಂಜಾನೆ ಗಾಳಿ ತಿರುಗ್ಯದ.
ಇಮಾಂಬಿ ಒಂದು ಕಾಳು ಬೆರಳಾಗ ಹಿಚುಕಿ,
ಮೂಗಿಗೆ ಹಿಡದು, ಏನೂ ಅನ್ನದ ಕೆಳಗಿಟ್ಟಳು.
ಜಿಗಿ ಬಂದಿತ್ತು.
ಮನ್ಯಾಗ ಉಪ್ಪಿನ ಡಬ್ಬಿಯೊಳಗ ಉಪ್ಪು ನೀರೊಡದಿತ್ತು;
ನಾ ಯಾರಿಗೂ ಹೇಳಲಿಲ್ಲ.

ಇಲ್ಲಿಂದ ಸಮುದ್ರಕ್ಕ ಹೋಗಬೇಕಂದ್ರ
ಒಂದು ರಾತ್ರಿ ಬಸ್ಸು, ಒಂದು ಹಗಲು ವಾಂತಿ.
ಅಲ್ಲಿಂದ ಹಡಗು. ಆಮ್ಯಾಲ ಕಲ್ಪೇನಿ,
ನಕಾಶದಾಗ ನೊಣ ಕುಂತು ಎದ್ದುಹೋದ ಚುಕ್ಕಿ.
ಅಲ್ಲಿ ನನ್ನ ತಂಗಿ ಸುಗಲಾ ಆಸ್ಪತ್ರಿ ನರ್ಸು,
ಆಲಮಟ್ಟಿ ಹಿನ್ನೀರು ಬಿಟ್ಟರ ದೊಡ್ಡ ನೀರು ಕಾಣದಾಕಿ.
ಮೊದಲನೇ ದಿನ ಫೋನಿನ್ಯಾಗ ಅಂದಿದ್ದಳು:
"ಅಕ್ಕಾ, ಇಲ್ಲಿ ಅಡ್ಡ ನಡದರ
ಹತ್ತು ನಿಮಿಷಕ್ಕ ಊರು ತೀರತದ."

ನಿನ್ನೆ ರಾತ್ರಿ ಆಕಿ ಕಳಿಸಿದ ದನಿ ನಲವತ್ತು ಸೆಕೆಂಡು:
"ತೆಂಗಿನಗಿಡ ಎಲ್ಲಾ ಒಂದ ಕಡೆ ಬಾಗ್ಯಾವ,
ಯಾರೋ ಕೂದಲ ಹಿಡದು ಎಳದಂಗ.
ತೆರಿ ಬಂದು ಹವಳದ ಒಡ್ಡಿಗೆ ಬಡೀತಾವ, ನೊರಿ ಹೆಂಗಂದ್ರ
ಕೊಲ್ಹಾರದ ಸಂತ್ಯಾಗ ಮೊಸರಿನ ಗಡಿಗಿ
ಎಲ್ಲಾ ಒಮ್ಮೆಗೇ ಒಡದಂಗ.
ದೋಣಿ ಎಳದು ತಂದು ಸಾಲಿ ಅಂಗಳದಾಗ ಕಟ್ಟ್ಯಾರ,
ದನಾ ಕಟ್ಟಿದಂಗ.
ಹೆರಿಗಿ ವಾರ್ಡಿನ್ಯಾಗ ಒಬ್ಬಾಕಿ ಅದಾಳ.
ಹೆಲಿಕಾಪ್ಟರ್ ಬರೂದಿಲ್ಲಂತ. ನಾನ ನೋಡ್ಕೋಬೇಕು..."
ಉಳದದ್ದು ಬರೇ ಗಾಳಿ.
ಆ ಗಾಳಿನ ಮೂರು ಸಲ ಕೇಳಿದೆ,
ಮಾತು ಎಲ್ಲೋ ಅದರ ಅಡಿಗೆ ಬಿದ್ದಿರಬೇಕು ಅಂತ.
ಆಮ್ಯಾಲ ನಾ ಏನು ಕಳಿಸಿದರೂ
ಒಂದ ಟಿಕ್ಕು. ಬೂದಿ ಬಣ್ಣದ್ದು.

ಮಧ್ಯಾಹ್ನ ಮೂರಕ್ಕ ಪಡುವಣದಾಗ ಮುಗಿಲು
ಹೊಗಿ ಹತ್ತಿದ ಅಡಗಿಮನಿ ಗ್ವಾಡಿ ಹಂಗ ನಿಂತಿತು.
ಬಾಬುಗೌಡರು ಮೊಬೈಲಿನ್ಯಾಗ ತೋರಿಸಿದರು:
ಬಿಳಿ ಸುರುಳಿ, ನಡುಬರಕ ಒಂದು ತೂತು.
"ಇದರ ಬಾಲ ನಮ್ಮ ಮ್ಯಾಲ ಬೀಸೇದ" ಅಂದರು.
ನಾ ಬಾಲ ನೋಡಲಿಲ್ಲ.
ತೂತಿನ ಸುತ್ತ ಚುಕ್ಕಿ ಹುಡುಕಿದೆ.
ಅದಕ್ಕೊಂದು ಚಂದನ ಹೆಸರೂ ಇಟ್ಟಾರಂತ,
ಯಾವ ದೇಶದವರೋ.

ಗಂಧಕ ಹೊಗಿ ಹಾಕಿದ್ವಿ. ತಾಡಪತ್ರಿ ಬಿಗದ್ವಿ.
ಇಮಾಂಬಿ, ಆಕಿ ಸೊಸಿ, ನಾನು, ಹಗ್ಗಕ್ಕ ಜೋತುಬಿದ್ವಿ;
ತಾಡಪತ್ರಿ ಉಬ್ಬಿ
ನಮ್ಮನ್ನ ನೆಲದಿಂದ ಒಂದು ಗೇಣು ಎತ್ತಿತು.
ಆ ಗೇಣಿನ್ಯಾಗ ನನಗ ಅನಿಸಿತು:
ಈ ಹಗ್ಗದ ಆ ತುದಿ ಸುಗಲಾನ ಕೈಯಾಗ ಅದ.

ಮಳಿ ಬಂದದ್ದು ಭಾಳ ಅಲ್ಲ.
ಜಿಟಿಜಿಟಿ, ಎರಡು ರಾತ್ರಿ ಒಂದು ಹಗಲು,
ಅಲ್ಲಿ ಉಂಡು ಕೈ ತೊಳದ ನೀರಿನಷ್ಟು.
ಅಷ್ಟ ಸಾಕಿತ್ತು.
ಮೂರನೇ ದಿನ ಪಡದಾ ಸರಿಸಿದರ
ಹಸರು ಎಲ್ಲೂ ಇಲ್ಲ. ಮ್ಯಾಲಿನ ಮಜಲು ಕಂದು,
ಕೆಳಗಿನದು ಕರ್ರಗ, ಬೂಷ್ಟು ಹತ್ತಿ
ಕಾಳಿಗೆ ಬಿಳೇ ಕೂದಲ ಬಂದಾವ.
ಬಾಬುಗೌಡರು ಒಂದನ್ನ ಬಾಯಾಗ ಹಾಕ್ಕೊಂಡು
ಭಾಳ ಹೊತ್ತು ಅಗದರು. ಉಗಳಲಿಲ್ಲ.
"ಸಾರಾಯಿ ಮಂದಿ ಒಯ್ತಾರ ಬಿಡ್ರಿ" ಅಂದ ಇಮಾಂಬಿಗೆ
ನಗಿ ಬರಲಿಲ್ಲ. ನನಗ ಬಂತು,
ತಡಕೊಳ್ಳಾಕ ಆಗಲಿಲ್ಲ.

ಸಂಜಿಕ ಕುಪ್ಪಸದಾಗ ಫೋನು ನಡುಗಿತು.
"ಹೆಣ್ಣು. ಎರಡು ಕಿಲೋ ಎಂಟುನೂರು."
ಅದು ಮೊದಲನೇ ಸಾಲು, ಯಾರದು ಏನು ಅಂತ ಇಲ್ಲ.
ಆಮ್ಯಾಲ:
"ಇಲ್ಲೇನೂ ಆಗಿಲ್ಲ ಅಕ್ಕಾ, ಚೂರು ಗಾಳಿ ಅಷ್ಟ.
ದ್ರಾಕ್ಷಿ ಉಳದ್ವಾ?"

ಬೂಷ್ಟಿನ ಕೈ ಸೀರಿಗೆ ಒರಸ್ಕೊಂಡು ಬರದೆ:
"ಎಲ್ಲಾ ಹಸರ ಅದಾವ."