ನಾಲ್ಕನೇ ಕರಡು

ಬಿಷ್ಕೆಕ್‌ನ ಸಚಿವಾಲಯ, ಎರಡನೇ ಮಹಡಿ, ಹೀಟರಿನ ಪಕ್ಕದ ಮೇಜು.
ಮಂತ್ರಿಗಳು ಬಂದರು, ಹೋದರು; ಮೇಜು ನನ್ನದೇ.
ಈ ದೇಶದ ಶಾಲೆಗಳನ್ನೆಲ್ಲ ಬುಡದಿಂದ ತುದಿಯವರೆಗೆ
ಮೂರು ಸಲ ಬದಲಿಸಿದವಳು ನಾನು, ಬುರ್ಮಾಕಾನ್,
ಹತ್ತು ಬೆರಳಲ್ಲಿ, ನಾಲ್ಕು ಪ್ರತಿ, ನಡುವೆ ಕಾರ್ಬನ್ನು.

ಮೊದಲ ಸಲದ ಯಂತ್ರ ರಷ್ಯನ್ನರದು.
ನಮ್ಮ ನುಡಿಯ ಮೂರು ಅಕ್ಷರ ಅದರಲ್ಲಿರಲಿಲ್ಲ.
ಟೈಪು ಮಾಡಿ, ಹಾಳೆ ಎಳೆದು, ಪೆನ್ನು ಹಿಡಿದು
ಒಂದೊಂದನ್ನೂ ತಿದ್ದುತ್ತ ಕೂರಬೇಕು.
‘ದೇಶ’ ಎಂದರೆ ಎರಡು ಅಡ್ಡಗೆರೆ.
‘ಸಮಾನ’ಕ್ಕೆ ಕೆಳಗೊಂದು ಕೊಕ್ಕೆ.
‘ಮನೆ’ಗೂ ಪೆನ್ನು ಬೇಕು.
‘ಬಾಲಾ’ ಎಂಬುದಕ್ಕೆ ಮಾತ್ರ ಏನೂ ಬೇಡ.
ಬಾಲಾ ಅಂದರೆ ನಮ್ಮಲ್ಲಿ ಮಗು.
ಯಾರ ಯಂತ್ರದಲ್ಲಾದರೂ ಸಲೀಸಾಗಿ ಮೂಡುವ ಪದ.

ಕರಡಿನ ಮೊದಲ ಅಧ್ಯಾಯ ಶಿಶುವಿಹಾರ. ಅಲ್ಲಿ ಮಗು ಮಗುವೇ:
ಮಗುವಿಗೆ ಹಾಸಿಗೆ, ಮಗುವಿಗೆ ಗಂಜಿ,
ಬೇಸಿಗೆಯಲ್ಲಿ ಕುರಿಗಳ ಹಿಂದೆ ಸೋಂಗ್-ಕೋಲ್ ಹತ್ತಿದ ಮಗುವಿಗೆ
ಕುದುರೆ ಹೊರುವಷ್ಟು ಪುಸ್ತಕ.
ಎರಡನೇ ಅಧ್ಯಾಯಕ್ಕೆ ಅದು ವಿದ್ಯಾರ್ಥಿ.
ಪ್ರೌಢಶಾಲೆಗೆ ಬರುವಷ್ಟರಲ್ಲಿ ಶೇಕಡಾ ಇಷ್ಟು.
ವಿಶ್ವವಿದ್ಯಾಲಯದ ಹೊತ್ತಿಗೆ ಮಾನವ ಸಂಪನ್ಮೂಲ,
ನನ್ನ ಚಹಾ ತಣ್ಣಗೆ.

ಪರದೇಶದ ತಜ್ಞರು ಬಂದರು, ಒಳ್ಳೆಯವರು,
ಚಾಕೊಲೇಟು ತಂದಿದ್ದರು.
ಹನ್ನೊಂದು ವರ್ಷ ಸಾಲದು, ಹನ್ನೆರಡು ಮಾಡಿ ಅಂದರು.
ಆ ಹನ್ನೆರಡನೇ ತರಗತಿ ಯಾವ ಕೋಣೆಯಲ್ಲಿ ಕೂರಬೇಕು, ಸ್ವಾಮಿ,
ಎಂದು ಅತ್-ಬಾಶಿಯಿಂದ ಒಬ್ಬ ಹೆಡ್‌ಮಾಸ್ಟರ್ ಬರೆದ.
ಕಾಗದ ಫೈಲಿಗೆ ಸೇರಿತು, ಫೈಲು ಕೋಣೆಗೆ.
ಕಾಗದಕ್ಕಾದರೂ ಕೋಣೆ ಸಿಕ್ಕಿತು.

ಅಕ್ಕ ಎರಡು ಕುದುರೆ ಮಾರಿ ಮಗನಿಗೆ ಪದವಿ ಕೊಡಿಸಿದಳು.
ಒಂದು ಕುದುರೆ ಸೀಟಿಗೆ,
ಇನ್ನೊಂದು ಅಂಕಗಳಿಗೆ, ಐದು ವರ್ಷ ಚಿಲ್ಲರೆಯಾಗಿ.
ಎಲ್ದಿಯಾರ್ ಈಗ ಮಾಸ್ಕೋದ ಒಂದು ಅಂಗಳದಲ್ಲಿ ಹಿಮ ಗೋರುತ್ತಾನೆ.
ಆ ಕೆಂಪು ರಟ್ಟಿನ ಮೇಲೆ ಅಕ್ಕ
ರೊಟ್ಟಿ ಇಡುವುದಿಲ್ಲ. ಬಿಸಿ ಪಾತ್ರೆ ಇಡುತ್ತಾಳೆ.

ಇದೆಲ್ಲ ತಲೆಯಲ್ಲಿತ್ತೋ ಇಲ್ಲವೋ, ಹೇಳಲಾರೆ.
ನಾಲ್ಕನೇ ಕರಡಿನ ಕೊನೆಯ ಸಂಜೆ, ಕರೆಂಟು ಹೋಗಿ ಬಂದ ಮೇಲೆ,
ವಿಶ್ವವಿದ್ಯಾಲಯದ ಅಧ್ಯಾಯ, ಕಲಂ ಅರವತ್ತೊಂದು:
‘ಹಾಸ್ಟೆಲಿನಲ್ಲಿ ಪ್ರತಿಯೊಂದು ಮಗುವಿಗೂ
ಚಳಿಗಾಲದಲ್ಲಿ ಬಿಸಿನೀರು ಒದಗಿಸತಕ್ಕದ್ದು.’
ಕೈ ತಪ್ಪಿತು ಅನ್ನಿ.
ಹನ್ನೊಂದು ಜನರ ಸಮಿತಿ ಸಹಿ ಹಾಕಿತು,
ಅಲ್ಪವಿರಾಮಗಳ ಬಗ್ಗೆ ಜಗಳವಾಡಿ.

ನವೆಂಬರಿನಲ್ಲಿ ನಾರಿನ್‌ನಿಂದ ಫೋನು.
ಹಾಸ್ಟೆಲಿನ ವಾರ್ಡನ್ ಜಿಪರ್, ಗಂಟಲು ಕಟ್ಟಿದೆ:
‘ಎಜೆ, ಇಲ್ಲಿ ಮಕ್ಕಳಿಲ್ಲ. ಇನ್ನೂರ ಆರು ಮಂದಿ,
ಗಡ್ಡ ಬಂದವರು, ಮದುವೆ ಗೊತ್ತಾದವರು.
ಬಾಯ್ಲರಿಗೆ ದುಡ್ಡು ಬಂದಿದೆ ಮಕ್ಕಳ ಲೆಕ್ಕದಲ್ಲಿ.
ಯಾರಿಗೆ ಹಾಕಲಿ?’

ಹೊರಗೆ ಟ್ರಾಲಿಬಸ್ಸು ತಂತಿ ತಪ್ಪಿ ನಿಂತಿತ್ತು,
ಡ್ರೈವರು ಕೋಲು ಹಿಡಿದು ಆಕಾಶ ತಡಕುತ್ತಿದ್ದ.
ನಾನು ಕೇಳಿದೆ: ‘ರಾತ್ರಿ ಅವರ ಅಮ್ಮಂದಿರು ಫೋನು ಮಾಡುತ್ತಾರಾ?’
‘ಮಾಡುತ್ತಾರೆ. ಸಾಲಾಗಿ ನಿಲ್ಲುತ್ತವೆ ಮೆಟ್ಟಿಲ ಹತ್ತಿರ,
ಅಲ್ಲಿ ಮಾತ್ರ ಸಿಗ್ನಲ್ಲು.’
‘ಹಾಗಾದರೆ ಆ ಸಾಲನ್ನು ಎಣಿಸು,’ ಅಂದೆ.

ಮಾರ್ಚಿನಲ್ಲಿ ಯಾರೋ ಕೊನೆಗೂ ಓದಿದರು.
ತಿದ್ದುಪಡಿ ಬಂತು, ನನ್ನ ಮೇಜಿಗೇ:
ಕಲಂ ಅರವತ್ತೊಂದರಲ್ಲಿ ‘ಮಗು’ ಎಂದಿರುವಲ್ಲಿ
‘ಫಲಾನುಭವಿ’ ಎಂದು ಓದಿಕೊಳ್ಳತಕ್ಕದ್ದು.
ಟೈಪು ಮಾಡಿದೆ, ಒಂದೂ ತಪ್ಪಿಲ್ಲದೆ.
ಅಷ್ಟರಲ್ಲಿ ನಾರಿನ್‌ನಲ್ಲಿ ಹಿಮ ಕರಗತೊಡಗಿತ್ತು,
ಬಾಯ್ಲರನ್ನು ಗೋಡೆಗೆ ಬಿಗಿದಾಗಿತ್ತು.